ಹಿತ್ತಲು ಹೋಯಿತು, ಊರತೋಟವಾದರೂ ಬರಲಿ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದವರಿಲ್ಲ. ಕೈಗೆಟಕುವಲ್ಲಿ ಇರುವ ವಸ್ತುವಿಗೆ ಬೆಲೆಯಿಲ್ಲ ಎಂಬುದು ಅದರ ಇಂಗಿತ. ಆದರೆ ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಒಂದು ಸುತ್ತು ಹಾಕಿದರೆ ಈ ಗಾದೆಯನ್ನೇ ತಿದ್ದಬೇಕೇನೋ ಎನಿಸುತ್ತದೆ. ಗಿಡ ಮದ್ದು ಹೌದೋ ಅಲ್ಲವೋ ಎಂಬ ಚರ್ಚೆ ಆಮೇಲಿನದು, ಈಗ ಹಿತ್ತಲೇ ಉಳಿದಿಲ್ಲ. ಬಸಳೆ ಚಪ್ಪರವಿದ್ದಲ್ಲಿ ಕಾರು ನಿಂತಿದೆ. ಬಚ್ಚಲ ನೀರು ಕುಡಿದು ಬೆಳೆಯುತ್ತಿದ್ದ ಕೆಸು, ಬಾಳೆಗಳ ಜಾಗದಲ್ಲಿ ಇಂಟರ್‌ಲಾಕ್ ಹಾಸಿದೆ.

ಇದು ಕೃಷಿಯ ವಿಷಯವಲ್ಲವೇ, ವೈದ್ಯರಿಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸ ಇದೆ. ನಾವು ವೈದ್ಯರು ದಿನಕ್ಕೆ ಅತಿ ಹೆಚ್ಚು ಸಲ ಹೇಳುವ, ರೋಗಿಗಳು ಅತಿ ಕಡಿಮೆ ಪಾಲಿಸುವ ಸಲಹೆ ಎಂದರೆ ‘ಸೊಪ್ಪು ತರಕಾರಿ ಹೆಚ್ಚು ತಿನ್ನಿ’ ಎಂಬುದು. ಸಕ್ಕರೆ ಕಾಯಿಲೆಗೂ ಅದೇ, ರಕ್ತದೊತ್ತಡಕ್ಕೂ ಅದೇ, ಮಲಬದ್ಧತೆಗೂ ಅದೇ, ಬಸುರಿಯ ರಕ್ತಹೀನತೆಗೂ ಅದೇ. ‘ಆಯ್ತು ಡಾಕ್ಟ್ರೇ’ ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ತಿಂಗಳು ಬಂದಾಗ ಸಕ್ಕರೆಯ ಅಂಶ ಇದ್ದಲ್ಲೇ ಇರುತ್ತದೆ, ಹಿಮೋಗ್ಲೋಬಿನ್ ಏರಿರುವುದಿಲ್ಲ.

ಇದು ಹಟವಲ್ಲ, ಅಜ್ಞಾನವೂ ಅಲ್ಲ. ಸ್ವಲ್ಪ ವಿಚಾರಿಸಿದರೆ ನಿಜವಾದ ಕಾರಣ ಹೊರಬರುತ್ತದೆ. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ, ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ತರಕಾರಿ ಅಂಗಡಿಗೆ ಹೋಗಬೇಕಾದರೆ ಬಸ್ಸು ಹಿಡಿಯಬೇಕು ಇಲ್ಲವೇ ರಿಕ್ಷಾ ಮಾಡಬೇಕು. ಆದ್ದರಿಂದ ವಾರಕ್ಕೊಮ್ಮೆ ಸಂತೆ. ವಾರಕ್ಕೊಮ್ಮೆ ತರುವವರು ಏನು ತರುತ್ತಾರೆ? ಕೆಡದೆ ಉಳಿಯುವ ಬಟಾಟೆ, ನೀರುಳ್ಳಿ, ಒಂದಿಷ್ಟು ಟೊಮೆಟೊ. ಹರಿವೆಯ ಕಟ್ಟು ಮರುದಿನಕ್ಕೆ ಬಾಡುತ್ತದೆ, ಮೂರನೆಯ ದಿನ ಕೊಳೆಯುತ್ತದೆ. ಹಣ ಹಾಳು ಮಾಡಿಕೊಳ್ಳಲು ಯಾರಿಗೆ ಮನಸ್ಸು? ಎಂದರೆ, ಇಲ್ಲಿ ತೊಡಕಾಗಿರುವುದು ಬೆಲೆ ಮಾತ್ರವಲ್ಲ, ದೂರ. ಸೊಪ್ಪು ಎಂಬುದು ಹತ್ತಿರದಲ್ಲಿದ್ದರೆ ಮಾತ್ರ ತಟ್ಟೆಗೆ ಬರುವ ಪದಾರ್ಥ. ಈ ಸಣ್ಣ ಸತ್ಯವನ್ನು ಮರೆತು ನಾವು ಆರೋಗ್ಯ ಶಿಕ್ಷಣ, ಆರೋಗ್ಯ ಶಿಕ್ಷಣ ಎಂದು ಕೂಗುತ್ತಿದ್ದೇವೆ.

ಅಂಕಿ ಅಂಶ ಏನು ಹೇಳುತ್ತದೆ?

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 65.5. ಅದೇ ಸಮೀಕ್ಷೆಯಲ್ಲಿ ಹತ್ತರಲ್ಲಿ ಮೂವರು ಮಹಿಳೆಯರ ತೂಕ ಇರಬೇಕಾದುದಕ್ಕಿಂತ ಹೆಚ್ಚಿತ್ತು. ಮೈ ತುಂಬಿದೆ, ರಕ್ತ ತುಂಬಿಲ್ಲ. ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ ಎರಡೂ ಕೊರತೆಗಳು. ಇನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಮೇಲೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರದಲ್ಲಿ ವಯಸ್ಕರೊಬ್ಬರ ದಿನದ ತಟ್ಟೆಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದು ಹೇಳಿದೆ. ಸೊಪ್ಪು ಈ ತರಕಾರಿಯ ಲೆಕ್ಕದಲ್ಲೇ ಬರುತ್ತದೆ. ನಾಲ್ವರ ಕುಟುಂಬಕ್ಕೆ ದಿನಕ್ಕೆ ಒಂದೂವರೆ ಕಿಲೋಗೂ ಹೆಚ್ಚು ತರಕಾರಿ ಆಯಿತು. ನಿಮ್ಮ ಮನೆಯಲ್ಲಿ ನಿನ್ನೆ ಎಷ್ಟು ಬೆಂದಿತ್ತು, ಒಮ್ಮೆ ನೆನಪಿಸಿಕೊಳ್ಳಿ. ಕುಚ್ಚಲಕ್ಕಿ ಅನ್ನದ ರಾಶಿಯ ಬದಿಯಲ್ಲಿ ಒಂದು ಚಮಚ ಪಲ್ಯ, ಸಾರಿನಲ್ಲಿ ತೇಲುವ ನಾಲ್ಕು ಹೋಳು. ಹೆಚ್ಚಿನ ಮನೆಗಳ ಊಟ ಇಷ್ಟೇ.

ಹಿತ್ತಲೆಂಬ ವ್ಯವಸ್ಥೆ

ನಮ್ಮ ಹಿರಿಯರು ಪೋಷಕಾಂಶಗಳ ಹೆಸರು ತಿಳಿದವರಲ್ಲ. ಆದರೆ ಅವರ ಹಿತ್ತಲು ವರ್ಷವಿಡೀ ನಡೆಯುವ ಒಂದು ವ್ಯವಸ್ಥೆಯಾಗಿತ್ತು. ಮಳೆ ಹಿಡಿಯುವ ಮೊದಲು ಹೀರೆ, ಪಡುವಲ, ಮುಳ್ಳುಸೌತೆ, ಬೆಂಡೆಯ ಬೀಜ ನೆಲಕ್ಕೆ ಬೀಳುತ್ತಿತ್ತು. ಆಟಿಯ ಜಡಿಮಳೆಯಲ್ಲಿ ಬೇರೇನೂ ಇಲ್ಲದಾಗ ಕೆಸುವಿನ ಎಲೆಯ ಪತ್ರೊಡೆ, ಚಗಟೆ ಸೊಪ್ಪಿನ ಪಲ್ಯ, ತಿಮರೆಯ ಚಟ್ನಿ. ಏಣೆಲು ಕೊಯ್ಲಾದ ಮೇಲೆ ಗದ್ದೆಯಲ್ಲೇ ಅಲಸಂಡೆ, ಹರಿವೆ, ಸೌತೆ, ಕುಂಬಳ. ಬೇಸಗೆಯಲ್ಲಿ ಕೊಯ್ದ ಸೌತೆ, ಬೂದುಗುಂಬಳಗಳನ್ನು ಬಾಳೆನಾರಿನಿಂದ ಕಟ್ಟಿ ಮಾಡಿಗೆ ತೂಗುಹಾಕಿದರೆ ಮಳೆಗಾಲದ ನಡುವಿನವರೆಗೂ ಪದಾರ್ಥಕ್ಕೆ ಚಿಂತೆಯಿಲ್ಲ. ನುಗ್ಗೆ, ಪಪ್ಪಾಯಿ, ಪೇರಳೆ, ಜೀಗುಜ್ಜೆ, ಬಾಳೆ, ಹಲಸು ಇವಕ್ಕೆ ಯಾರೂ ಪ್ರತ್ಯೇಕ ಆರೈಕೆ ಮಾಡುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹಿತ್ತಲು ಒಂದು ಮನೆಯದಾಗಿದ್ದರೂ ಅದರ ಫಲ ಒಂದೇ ಮನೆಯದಾಗಿರಲಿಲ್ಲ. ಒಂದು ಬಸಳೆ ಚಪ್ಪರ ಎಂಟು ಜನರ ಮನೆಗೂ ಹೆಚ್ಚಾಗುವಷ್ಟು ಬಿಡುತ್ತದೆ. ಹೆಚ್ಚಾದದ್ದು ಬೇಲಿ ದಾಟಿ ನೆರೆಮನೆಗೆ ಹೋಗುತ್ತಿತ್ತು, ಅಲ್ಲಿಂದ ತೊಂಡೆಕಾಯಿ ಬರುತ್ತಿತ್ತು. ಬೀಜ, ಬಳ್ಳಿ, ಗೊಬ್ಬರ, ದನ ನುಗ್ಗದಂತೆ ಕಾಯುವ ಕಣ್ಣು ಎಲ್ಲವೂ ಹಂಚಿಕೆಯದ್ದೇ. ಈ ಕೊಡುಕೊಳ್ಳುವಿಕೆ ಇದ್ದುದರಿಂದಲೇ ಪ್ರತಿ ಮನೆಯೂ ಎಲ್ಲವನ್ನೂ ಬೆಳೆಯದೆ ಎಲ್ಲವನ್ನೂ ತಿನ್ನಬಹುದಾಗಿತ್ತು. ಇಂದು ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟು ಉತ್ಸಾಹದಿಂದ ಆರಂಭಿಸಿದವರು ಆರೇ ತಿಂಗಳಲ್ಲಿ ಕೈಬಿಡುವುದಕ್ಕೆ ಈ ಕೊಡುಕೊಳ್ಳುವಿಕೆಯ ಅಭಾವವೇ ಮುಖ್ಯ ಕಾರಣ. ಒಂದು ವಾರ ಊರಿಗೆ ಹೋಗಿ ಬಂದರೆ ನೀರಿಲ್ಲದೆ ಗಿಡ ಸತ್ತಿರುತ್ತದೆ. ಒಂಟಿ ತೋಟಕ್ಕೆ ಆಯುಷ್ಯ ಕಡಿಮೆ.

ತೋಟ ಕಳೆದುಕೊಂಡ ಒಂದು ಜನಾಂಗ

ಆಹಾರ ದೂರವಾದರೆ ಆರೋಗ್ಯ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡಬಹುದು. ಅಮೆರಿಕದ ನೈಋತ್ಯ ಭಾಗದಲ್ಲಿ ನವಾಹೋ ಎಂಬ ಮೂಲನಿವಾಸಿಗಳಿದ್ದಾರೆ. ತಮ್ಮನ್ನು ತಾವು ‘ದಿನೆ’ ಎಂದು ಕರೆದುಕೊಳ್ಳುವ ಜನ. ಜೋಳ, ಅವರೆ, ಕುಂಬಳ ಬೆಳೆದು, ಕಣಿವೆಗಳಲ್ಲಿ ಪೀಚ್ ಹಣ್ಣಿನ ತೋಟ ಮಾಡಿ, ಕುರಿ ಸಾಕಿ ಬದುಕುತ್ತಿದ್ದವರು. 1863–64ರಲ್ಲಿ ಅಮೆರಿಕದ ಸೈನ್ಯ ಅವರ ಬೆಳೆಗಳನ್ನು ಸುಟ್ಟು, ಹಣ್ಣಿನ ಮರಗಳನ್ನು ಕಡಿದು, ನೂರಾರು ಮೈಲಿ ದೂರದ ಶಿಬಿರಕ್ಕೆ ನಡೆಸಿಕೊಂಡು ಹೋಯಿತು. 1868ರ ಒಪ್ಪಂದದ ಬಳಿಕ ಅವರು ಮರಳಿ ಬಂದರೂ ಊಟ ಮೊದಲಿನಂತಿರಲಿಲ್ಲ. ಸರಕಾರ ಕೊಟ್ಟ ಮೈದಾ, ಸಕ್ಕರೆ, ಹಂದಿ ಕೊಬ್ಬು ಇವೇ ಆಹಾರವಾದವು. ಆ ಮೈದಾವನ್ನು ಕೊಬ್ಬಿನಲ್ಲಿ ಕರಿದ ರೊಟ್ಟಿಯೇ ಕೊನೆಗೆ ಅವರ ‘ಸಾಂಪ್ರದಾಯಿಕ’ ತಿಂಡಿ ಎನಿಸಿಕೊಂಡಿತು.

ಇಂದು ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತಲೂ ದೊಡ್ಡದಾದ ಅವರ ಪ್ರದೇಶದಲ್ಲಿ ಎಲ್ಲ ಸಾಮಾನು ಸಿಗುವ ದೊಡ್ಡ ದಿನಸಿ ಅಂಗಡಿಗಳು ಬೆರಳೆಣಿಕೆಯವು, ಹೆಚ್ಚೆಂದರೆ ಹನ್ನೆರಡು ಹದಿಮೂರು. ತಾಜಾ ತರಕಾರಿಗೆ ಗಂಟೆಗಟ್ಟಲೆ ಕಾರು ಓಡಿಸಬೇಕು. ಮಧುಮೇಹ ಅಲ್ಲಿ ಮನೆಮನೆಯ ಮಾತು. ಇದರಿಂದ ಎಚ್ಚೆತ್ತ ಅವರ ಸ್ವಂತ ಆಡಳಿತ 2014ರಲ್ಲಿ ಒಂದು ಕಾಯಿದೆ ಮಾಡಿ, ಕುರುಕಲು ತಿಂಡಿ ಮತ್ತು ಸಿಹಿ ಪಾನೀಯಗಳ ಮೇಲೆ ಶೇ. 2 ಹೆಚ್ಚುವರಿ ತೆರಿಗೆ ಹಾಕಿತು. ಹಣ್ಣು ತರಕಾರಿಯ ಮೇಲಿನ ತೆರಿಗೆಯನ್ನು ತೆಗೆದುಹಾಕಿತು. ಜತೆಗೆ ಊರಿಗೊಂದು ತೋಟದ ಪ್ರಯತ್ನಗಳು ನಡೆದವು. ‘ಯೇಗೋ ಗಾರ್ಡನಿಂಗ್’ ಎಂಬ ಅಂಥ ಒಂದು ಕಾರ್ಯಕ್ರಮದಲ್ಲಿ ಬೀಜ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಊರಿನ ತೋಟದ ಜತೆಗೆ ಬೆಳೆಯುವುದನ್ನೂ ಅಡುಗೆ ಮಾಡುವುದನ್ನೂ ಕಲಿಸುವ ತಿಂಗಳ ಶಿಬಿರಗಳನ್ನು ಸೇರಿಸಿದರು.

ಈ ಕಥೆ ನಮಗೇಕೆ ಎನ್ನುವಿರಾ? ನಮ್ಮ ಹಿತ್ತಲನ್ನು ಯಾವ ಸೈನ್ಯವೂ ಸುಡಲಿಲ್ಲ. ನಾವೇ ಗುತ್ತಿಗೆದಾರರನ್ನು ಕರೆಸಿ ಕಾಂಕ್ರೀಟು ಹಾಕಿಸಿದೆವು. ಅವರು ಕಳೆದುಕೊಂಡದ್ದನ್ನು ಕಲ್ಲು ಮಣ್ಣಿನ ಮರುಭೂಮಿಯಲ್ಲಿ, ಸುಮಾರು ಮೂರನೇ ಒಂದು ಪಾಲು ಮನೆಗಳಿಗೆ ನಲ್ಲಿ ನೀರೇ ಇಲ್ಲದ ಸ್ಥಿತಿಯಲ್ಲಿ ಮತ್ತೆ ಕಟ್ಟಲು ಹೊರಟಿದ್ದಾರೆ. ಮಳೆ, ಬಾವಿ, ಬೀಜ ಎಲ್ಲ ಇರುವ ನಮಗೆ ಏನಡ್ಡಿ?

ತೋಟದಿಂದ ಆರೋಗ್ಯ: ಎಷ್ಟು ನಿಜ?

ತೋಟ ಮಾಡಿದ ಕೂಡಲೇ ಕಾಯಿಲೆ ಓಡಿಹೋಗುತ್ತದೆ ಎಂದು ನಾನು ಹೇಳಲಾರೆ. ಅಮೆರಿಕದ ಡೆನ್ವರ್ ನಗರದಲ್ಲಿ 291 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಮುದಾಯ ತೋಟದಲ್ಲಿ ಪಾತಿ ಕೊಟ್ಟು, ಇನ್ನೊಂದು ಗುಂಪನ್ನು ಕಾಯಲು ಹೇಳಿ ಅಧ್ಯಯನ ನಡೆಸಿದರು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ತೋಟ ಮಾಡಿದವರು ದಿನಕ್ಕೆ ಸುಮಾರು ಒಂದೂವರೆ ಗ್ರಾಂ ನಾರಿನಂಶ ಹೆಚ್ಚು ತಿಂದರು, ದಿನಕ್ಕೆ ಆರು ನಿಮಿಷದಷ್ಟು ಹೆಚ್ಚು ಮೈದಣಿಸಿದರು, ಅವರ ಮನಸ್ಸಿನ ಒತ್ತಡ ಕಡಿಮೆಯಾಯಿತು. ಮೈತೂಕದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಇಷ್ಟೇ ತಾನೇ ಎನ್ನಬೇಡಿ. ಈ ಲಾಭವನ್ನು ಯಾರೂ ಒತ್ತಾಯ ಮಾಡದೆ, ಮಾತ್ರೆ ಕೊಡದೆ, ಪಥ್ಯದ ಪಟ್ಟಿ ಬರೆಯದೆ ಪಡೆದದ್ದು ಎಂಬುದನ್ನು ಗಮನಿಸಬೇಕು. 100 ಗ್ರಾಂ ಹರಿವೆ ಸೊಪ್ಪಿನಲ್ಲಿ ಸುಮಾರು 4 ಗ್ರಾಂ ನಾರಿನಂಶವಿದೆ. ನಾರು ಹೆಚ್ಚಿದ್ದರೆ ಅನ್ನದ ಪಿಷ್ಟ ರಕ್ತಕ್ಕೆ ಸೇರುವ ವೇಗ ತಗ್ಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ, ಎರಡನೆಯ ಸಲದ ಅನ್ನ ತಾನಾಗಿ ಕಡಿಮೆಯಾಗುತ್ತದೆ. ನುಗ್ಗೆ, ಹರಿವೆ, ಬಸಳೆ, ಪಪ್ಪಾಯಿ, ಕುಂಬಳಗಳಲ್ಲಿ ದೇಹವು ‘ಎ’ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುವ ಅಂಶವಿದೆ. ಸೊಪ್ಪಿನಲ್ಲಿರುವ ಫೋಲೇಟ್ ಬಸುರಿಯರಿಗೆ ಅತ್ಯಗತ್ಯ. ಸೊಪ್ಪಿನಲ್ಲಿರುವ ಕಬ್ಬಿಣವು ದೇಹಕ್ಕೆ ಅಷ್ಟು ಸುಲಭವಾಗಿ ಹೀರಲ್ಪಡುವುದಿಲ್ಲ. ಆದರೆ ಲಿಂಬೆರಸ ಹಿಂಡಿದರೆ, ಊಟದ ಜತೆ ಒಂದು ಪೇರಳೆಯನ್ನೋ ನೆಲ್ಲಿಕಾಯಿಯನ್ನೋ ತಿಂದರೆ ಹೀರುವಿಕೆ ಹೆಚ್ಚುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ತಗ್ಗುತ್ತದೆ. ಹಾಗೆಂದು ತೀವ್ರ ರಕ್ತಹೀನತೆ ಇದ್ದವರಿಗೆ ಸೊಪ್ಪೊಂದೇ ಸಾಲದು, ಕಬ್ಬಿಣದ ಮಾತ್ರೆ ಬೇಕೇ ಬೇಕು.

ಹಿರಿಯರ ವಿಷಯದಲ್ಲಿ ಇನ್ನೊಂದು ಲಾಭವಿದೆ. ‘ದಿನಾ ನಡೆಯಿರಿ’ ಎಂದರೆ ಅರುವತ್ತೈದು ದಾಟಿದ ಅಜ್ಜಿಯೊಬ್ಬರು ರಸ್ತೆಯಲ್ಲಿ ಕೈಬೀಸಿ ನಡೆಯಲು ಸಂಕೋಚಪಡುತ್ತಾರೆ. ಆದರೆ ಅಲಸಂಡೆ ಕೊಯ್ಯಲು ಹೋಗುವುದಕ್ಕೆ ಯಾವ ಸಂಕೋಚವೂ ಇಲ್ಲ. ಅಲ್ಲಿ ನಾಲ್ಕು ಮಾತಾಡಲು ನೆರೆಯವರೂ ಸಿಗುತ್ತಾರೆ. ಮಕ್ಕಳು ಪರವೂರಿನಲ್ಲಿರುವ ಮನೆಗಳಲ್ಲಿ ಒಂಟಿತನವೂ ಒಂದು ಕಾಯಿಲೆಯೇ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಒಗ್ಗಟ್ಟಿಗೆ ಬರವಿಲ್ಲ

‘ನಾಲ್ಕು ಮನೆಯವರು ಸೇರಿ ತೋಟ ಮಾಡುವುದು ನಮ್ಮಲ್ಲಿ ಆಗುವ ಮಾತಲ್ಲ’ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉಡುಪಿಯ ಪರ್ಯಾಯಕ್ಕೆ, ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಬರುವ ವೈಭವವನ್ನು ನೋಡಿದವರು ಹೀಗೆ ಹೇಳಲಾರರು. ಯಾವ ಗ್ರಾಮದಿಂದ ಯಾವ ದಿನ, ಯಾರ ವಾಹನದಲ್ಲಿ ಎಷ್ಟು ಕುಂಬಳ, ಎಷ್ಟು ಸೌತೆ, ಎಷ್ಟು ತೆಂಗು ಎಂಬ ಲೆಕ್ಕ ತಪ್ಪುವುದಿಲ್ಲ. ಆ ವ್ಯವಸ್ಥೆಯ ಹತ್ತರಲ್ಲೊಂದು ಪಾಲು ನಮ್ಮದೇ ಅಂಗನವಾಡಿಯ ಪಾತ್ರೆಗೆ ತಿರುಗಿದರೆ ದೇವರು ಬೇಡ ಎನ್ನುತ್ತಾನೆಯೇ?

ಕಾಪು ತಾಲೂಕಿನ ಮಟ್ಟು ಗ್ರಾಮವನ್ನೇ ನೋಡಿ. ವಾದಿರಾಜ ಗುರುಗಳು ಕೊಟ್ಟ ಬೀಜ ಎಂಬ ನಂಬಿಕೆಯಿಂದ ಆ ಊರಿನವರು ತಲೆಮಾರುಗಳಿಂದ ಒಂದು ಬದನೆಯ ತಳಿಯನ್ನು ಕಾಪಾಡಿಕೊಂಡು ಬಂದರು. ಬೆಳೆಗಾರರು ಸಂಘ ಕಟ್ಟಿಕೊಂಡರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಂದು ಊರು ಮನಸ್ಸು ಮಾಡಿದರೆ ಒಂದು ತರಕಾರಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅಲ್ಲಿಂದ ಅನತಿ ದೂರದ ಶಂಕರಪುರದ ಮಲ್ಲಿಗೆಯ ಮನೆಗಳು ಇನ್ನೊಂದು ಸಾಕ್ಷಿ. ಕೆಲವೇ ಸೆಂಟ್ಸ್ ಅಂಗಳದಲ್ಲಿ ಗಿಡ ಬೆಳೆಸಿ, ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಷ್ಟೋ ಮಕ್ಕಳ ಶಾಲೆಯ ಫೀಸು ಈ ಹೂವಿನಿಂದ ಹುಟ್ಟಿದೆ. ಪುಟ್ಟ ಜಾಗ ಮತ್ತು ದಿನನಿತ್ಯದ ಶಿಸ್ತು ಏನು ಮಾಡಬಲ್ಲುದು ಎಂಬುದನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಶಿಸ್ತಿನ ಸಣ್ಣ ಪಾಲು ಎರಡು ಸಾಲು ಹರಿವೆಗೆ ದೊರೆತರೆ ಮಲ್ಲಿಗೆ ಕಟ್ಟುವ ಆ ತಾಯಿಯ ರಕ್ತವೂ ಏರೀತು. ಆದರೆ ಮಲ್ಲಿಗೆಗೆ ಹೊಡೆಯುವ ಔಷಧ ಸೊಪ್ಪಿನ ಮೇಲೆ ಬೀಳದಷ್ಟು ದೂರದಲ್ಲಿ ಇದನ್ನು ಬೆಳೆಯಬೇಕು.

ಇನ್ನು ಹಡಿಲು ಗದ್ದೆಗಳ ವಿಷಯ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟಿನ ಆಶ್ರಯದಲ್ಲಿ ಆಂದೋಲನವೇ ನಡೆದು, ವರ್ಷಗಳಿಂದ ಪಾಳುಬಿದ್ದಿದ್ದ ನೂರಾರು ಎಕರೆಯಲ್ಲಿ ಭತ್ತ ಬೆಳೆಯಿತು. ಕೊರೊನಾದ ಆ ಕಷ್ಟಕಾಲದಲ್ಲೂ ಯುವಕರು, ಸಂಘ ಸಂಸ್ಥೆಗಳು ಕೆಸರಿಗೆ ಇಳಿದವು. ಅಕ್ಕಿಗೆ ಸಾಧ್ಯವಾದದ್ದು ತರಕಾರಿಗೆ ಏಕಾಗದು? ನಿಜ ಹೇಳಬೇಕೆಂದರೆ ನಮ್ಮ ಊಟದಲ್ಲಿ ಕೊರತೆ ಇರುವುದು ಅಕ್ಕಿಗಲ್ಲ.

ಹೇಗೆ ಮಾಡಬಹುದು?

ದೊಡ್ಡ ಯೋಜನೆ ಬೇಡ. ಎಂಟು ಹತ್ತು ಮನೆಗಳು, ಐದಾರು ಸೆಂಟ್ಸ್ ಜಾಗ, ಒಂದು ಬಾವಿ, ಒಂದು ಬೇಲಿ. ಜಾಗ ಮನೆಗಳಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಬೇಕು. ಇದು ಮುಖ್ಯ, ದೂರವಾದರೆ ಮೊದಲಿನ ತೊಂದರೆಯೇ. ಈ ಜಾಗದಲ್ಲಿ ಹತ್ತು ಮನೆಗೆ ಬೇಕಾದ ಎಲ್ಲ ತರಕಾರಿ ಬೆಳೆಯುವುದು ಅಸಾಧ್ಯ. ಸಂತೆಯಿಂದ ತಂದರೆ ಬಾಡುವಂಥದ್ದನ್ನು ಇಲ್ಲಿ ಬೆಳೆಯಿರಿ, ಉಳಿಯುವಂಥದ್ದನ್ನು ಅಂಗಡಿಯಿಂದ ತನ್ನಿ. ಹರಿವೆ ಬಿತ್ತಿದ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಬಸಳೆ ಒಮ್ಮೆ ಹಬ್ಬಿದರೆ ತಿಂಗಳುಗಟ್ಟಲೆ ಕೊಡುತ್ತದೆ. ಬೇಲಿಯುದ್ದಕ್ಕೆ ನುಗ್ಗೆ, ಮೂಲೆಯಲ್ಲಿ ಎರಡು ಪಪ್ಪಾಯಿ, ಒಂದು ಲಿಂಬೆ, ಚಪ್ಪರಕ್ಕೆ ತೊಂಡೆ. ಬೀಜ, ತಳಿ, ರೋಗದ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.

ಊರಿಂದ ಊರಿಗೆ ತೊಂದರೆ ಬೇರೆ. ಕಾಪುವಿನ ಕಡಲ ಬದಿಯಲ್ಲಿ ಮರಳು ಮಣ್ಣು, ಬೇಸಗೆಯಲ್ಲಿ ಬಾವಿಗೆ ಉಪ್ಪು ನೀರು. ಅಲ್ಲಿ ಗೊಬ್ಬರ ಹೆಚ್ಚು ಬೇಕು, ಮಳೆ ಬಿಟ್ಟ ಕೂಡಲೇ ಬಿತ್ತಬೇಕು. ಕಾರ್ಕಳದ ಕಡೆ ಮಂಗ, ನವಿಲು, ಕಾಡುಹಂದಿ. ಒಂಟಿ ಮನೆಯವರು ಇವುಗಳೆದುರು ಸೋಲುತ್ತಾರೆ, ಸರದಿಯಂತೆ ಕಾಯುವ ಹತ್ತು ಮನೆಯವರು ಸ್ವಲ್ಪವಾದರೂ ಗೆಲ್ಲುತ್ತಾರೆ. ಮಂಗ ಅಷ್ಟಾಗಿ ಮುಟ್ಟದ ಕೆಸು, ಸುವರ್ಣಗೆಡ್ಡೆ, ಹಾಗಲಕ್ಕೆ ಅಲ್ಲಿ ಆದ್ಯತೆ ಕೊಡಬಹುದು. ಮಣಿಪಾಲದ ಮುರಕಲ್ಲಿನ ಗುಡ್ಡದ ಮೇಲಿನ ಫ್ಲ್ಯಾಟುಗಳಲ್ಲಿ ಮಣ್ಣೇ ಇಲ್ಲ, ಆದರೆ ವಿಶಾಲ ತಾರಸಿ ಇದೆ. ತಾರಸಿಯ ಭಾರ, ನೀರಿಳಿಯುವಿಕೆಯನ್ನು ಎಂಜಿನಿಯರರಿಗೆ ತೋರಿಸಿ, ಒಬ್ಬೊಬ್ಬರ ನಾಲ್ಕು ಕುಂಡದ ಬದಲು ಎಲ್ಲರ ಒಂದೇ ತೋಟ ಮಾಡಿ. ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಾಣುವ ಏಪ್ರಿಲ್, ಮೇ ತಿಂಗಳಲ್ಲಿ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ವ್ಯರ್ಥವಾಗದಿರಲಿ.

ಶಾಲೆಗಳಲ್ಲಿ ಪೌಷ್ಟಿಕ ತೋಟ ಇರಬೇಕೆಂದು ಕೇಂದ್ರ ಸರಕಾರ 2019ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ. ನಮ್ಮ ಹಲವು ಸರಕಾರಿ ಶಾಲೆಗಳಲ್ಲಿ ಮಕ್ಕಳು, ಶಿಕ್ಷಕರು ಚೆನ್ನಾಗಿಯೇ ಬೆಳೆಯುತ್ತಿದ್ದಾರೆ. ತಾವೇ ನೀರೆರೆದ ಬೆಂಡೆಯನ್ನು ಮಕ್ಕಳು ತಟ್ಟೆಯಲ್ಲಿ ಬಿಡುವುದಿಲ್ಲ. ಆದರೆ ಬೇಸಗೆ ರಜೆ ಬಂತೆಂದರೆ ತೋಟ ಒಣಗುತ್ತದೆ. ಶಾಲೆಯ ಸುತ್ತಲಿನ ಹತ್ತು ಮನೆಯವರು ರಜೆಯಲ್ಲಿ ನೀರುಣಿಸಿ ಫಲವನ್ನೂ ಅವರೇ ತೆಗೆದುಕೊಳ್ಳಲಿ. ಶಾಲೆಯ ತೋಟ ಊರತೋಟವಾಗುವುದು ಹಾಗೆ.

ಜಗಳ ಬಾರದಂತೆ ಮೂರು ನಿಯಮ ಸಾಕು. ಕೆಲಸಕ್ಕೆ ವಾರದ ಸರದಿ. ಕೊಯ್ಲಿಗೆ ನಿಗದಿತ ದಿನ. ಮೊದಲ ಪಾಲು ಅಂಗನವಾಡಿಗೆ, ಬಸುರಿ ಬಾಣಂತಿ ಇರುವ ಮನೆಗೆ. ಹೆಚ್ಚಾದದ್ದನ್ನು ಮಾರಬಹುದು, ಆದರೆ ಮಾರಿ ಉಳಿದದ್ದನ್ನು ತಿನ್ನುವ ಕ್ರಮ ಬೇಡ. ಮನೆಯಲ್ಲಿ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದು ಹೆಂಗಸರಿಗೆ ಎಂಬ ಪದ್ಧತಿ ಇರುವವರೆಗೆ ಎಷ್ಟು ಬೆಳೆದರೂ ಅವರ ರಕ್ತಹೀನತೆ ಹೋಗದು. ಇದನ್ನು ಗಂಡಸರು ಓದಬೇಕೆಂದೇ ಬರೆಯುತ್ತಿದ್ದೇನೆ.

ಎಚ್ಚರಿಕೆಯ ಮಾತು

ಮಣ್ಣಿಗಿಳಿಯುವವರಿಗೆ ಕೆಲವು ಮಾತು ಹೇಳದಿದ್ದರೆ ವೈದ್ಯನ ಕೆಲಸ ಪೂರ್ತಿಯಾಗದು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಇಲಿಜ್ವರದ ಹಾವಳಿ ಇದೆ. ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ರೋಗಾಣು ಕಾಲಿನ ಗಾಯದ ಮೂಲಕ ಒಳಹೋಗುತ್ತದೆ. ಮಣ್ಣಿನಲ್ಲೇ ಇರುವ ಮೆಲಿಯೊಯ್ಡೋಸಿಸ್ ಎಂಬ ಇನ್ನೊಂದು ಸೋಂಕು ಕೂಡ ಇಲ್ಲಿ ಕಾಣಿಸಿಕೊಳ್ಳುತ್ತದೆ, ಅದು ಮುಖ್ಯವಾಗಿ ಮಧುಮೇಹಿಗಳನ್ನು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಗಮ್‌ಬೂಟು, ಕೈಗವಸು ಇಲ್ಲದೆ ಇಳಿಯಬೇಡಿ. ಗಾಯವಿದ್ದರೆ ಇಳಿಯಲೇಬೇಡಿ. ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ‘ತೋಟದಲ್ಲಿ ಕೆಲಸ ಮಾಡಿದ್ದೆ’ ಎಂದು ಹೇಳಲು ಮರೆಯಬೇಡಿ. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಆಗಿರಲಿ. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಡೆಂಗ್ಯೂ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆ.

ವಿಷದ ಔಷಧ ಬೇಡವೇ ಬೇಡ. ನೆರೆಯ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ತಂದ ಸಂಕಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮನೆಗಳು ಬೆಲೆ ತೆತ್ತಾಗಿತ್ತು. ನಾವು ತಿನ್ನಲು ಬೆಳೆಯುವ ನಾಲ್ಕು ಸಾಲಿಗೆ ಬೂದಿ, ಬೇವು, ಕೈಯಿಂದ ಹುಳ ಹೆಕ್ಕುವ ತಾಳ್ಮೆ ಸಾಕು.

ಕೆಲವು ರೋಗಿಗಳಿಗೆ ಪ್ರತ್ಯೇಕ ಸೂಚನೆ ಇದೆ. ಮೂತ್ರಪಿಂಡ ದುರ್ಬಲವಾದವರಿಗೆ ಸೊಪ್ಪಿನ ಪೊಟ್ಯಾಸಿಯಂ ಅಪಾಯವಾಗಬಹುದು. ಕಲ್ಲಿನ ತೊಂದರೆ ಇರುವವರು ಬಸಳೆ, ಕೆಸುವನ್ನು ಮಿತಗೊಳಿಸಬೇಕು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ವಾರ್ಫರಿನ್ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು.

ಇನ್ನೊಂದು ಮಾತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಒಂದು ಅರ್ಥದಲ್ಲಿ ನಿಜವೇ. ‘ಇನ್ಸುಲಿನ್ ಗಿಡ’ದ ಎಲೆ ಜಗಿಯುತ್ತಾ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರನ್ನು, ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿಯುವವರನ್ನು ನಾನು ಆಗಾಗ ಕಾಣುತ್ತೇನೆ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿಯ ಗಟ್ಟಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ವರದಿ 2013ರಲ್ಲಿ ಕೇರಳದಿಂದ ಬಂದಿತ್ತು, ಅವರಲ್ಲಿ ಹಲವರಿಗೆ ಡಯಾಲಿಸಿಸ್ ಬೇಕಾಯಿತು. ಅದೇ ಬಿಂಬುಳಿ ಎರಡು ಸಾರಿಗೆ ಬಿದ್ದರೆ ಸಾಮಾನ್ಯವಾಗಿ ಯಾರಿಗೂ ತೊಂದರೆಯಿಲ್ಲ. ಹಿತ್ತಲಲ್ಲಿ ಬೆಳೆದದ್ದನ್ನು ಔಷಧವೆಂದು ಕುಡಿಯಬೇಡಿ, ಊಟವೆಂದು ತಿನ್ನಿ. ವೈದ್ಯರು ಕೊಟ್ಟ ಮಾತ್ರೆಯನ್ನು ವೈದ್ಯರೇ ನಿಲ್ಲಿಸಲಿ.

ಈಗ ಏನಾಗಬೇಕು?

ಗ್ರಾಮ ಪಂಚಾಯತುಗಳು ಪ್ರತಿ ವಾರ್ಡಿನಲ್ಲಿ ಐದು ಸೆಂಟ್ಸ್ ಜಾಗವನ್ನು ಊರತೋಟಕ್ಕೆಂದು ಗುರುತಿಸಬೇಕು. ಸ್ವಸಹಾಯ ಸಂಘದ ಮಹಿಳೆಯರಿಗೆ ಅದನ್ನು ವಹಿಸಿ, ಬೇಲಿ ಮತ್ತು ನೀರಿನ ವೆಚ್ಚವನ್ನು ಪಂಚಾಯತು ಭರಿಸಲಿ. ನಗರಸಭೆಯು ಹೊಸ ವಸತಿ ಸಮುಚ್ಚಯಗಳಿಗೆ ಅನುಮತಿ ಕೊಡುವಾಗ ವಾಹನ ನಿಲುಗಡೆಗೆ ಜಾಗ ಕೇಳುವಂತೆ ತರಕಾರಿ ತೋಟಕ್ಕೂ ಜಾಗ ಕೇಳಲಿ. ಹಡಿಲು ಗದ್ದೆಯ ಒಡೆಯರು ಪರವೂರಿನಲ್ಲಿದ್ದರೆ, ಹಕ್ಕು ಕೈತಪ್ಪದಂತೆ ಒಂದು ಸರಳ ಕಾಗದ ಮಾಡಿಕೊಂಡು ನೆರೆಯವರಿಗೆ ಬಳಸಲು ಬ���ಡಲಿ. ನಾವು ವೈದ್ಯರು ಔಷಧ ಚೀಟಿಯಲ್ಲಿ ‘ಸೊಪ್ಪು ತಿನ್ನಿ’ ಎಂದು ಬರೆಯುವಾಗ, ಅದು ಎಲ್ಲಿ ಸಿಗುತ್ತದೆ ಎಂದೂ ಒಂದು ಮಾತು ಕೇಳೋಣ.

ಇದಕ್ಕೆಲ್ಲ ಸರಕಾರವನ್ನೇ ಕಾಯಬೇಕಾಗಿಲ್ಲ. ಈ ಭಾನುವಾರ ನಿಮ್ಮ ನೆರೆಯ ಮೂರು ಮನೆಯವರನ್ನು ಮಾತಾಡಿಸಿ. ಜಾಗ ಯಾರದು, ಬಾವಿ ಯಾರದು, ಯಾರ ಮನೆಯಲ್ಲಿ ಬಸಳೆ ಬಳ್ಳಿ ಉಳಿದಿದೆ ಎಂದು ವಿಚಾರಿಸಿ. ಒಂದು ಮೊಳ ಬಳ್ಳಿ ನೆಟ್ಟರೆ ಸಾಕು, ಚಪ್ಪರ ಹಾಕಲು ಆಮೇಲೆ ಜನ ತಾವಾಗಿ ಬರುತ್ತಾರೆ.